ಕೋಡಿಬೆಂಗ್ರೆಯಲ್ಲಿ ತಿಂಗಳ ಹಕ್ಕಿ ಎಣಿಕೆ: ಭರತ ನೋಡಿ ಹೊರಡಿ

ಎಲ್ಲರಿಗೂ ನಮಸ್ಕಾರ. ಉಡುಪಿ ಬಳಿಯ ಕೋಡಿಬೆಂಗ್ರೆಯ ನೆಲ ನಿಮಗೆ ಗೊತ್ತೇ ಇದೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಸುವರ್ಣಾ ಹೊಳೆ, ನಡುವೆ ಉತ್ತರಕ್ಕೆ ಚಾಚಿದ ಮರಳ ಪಟ್ಟಿ, ತುದಿಯಲ್ಲಿ ಹೊಳೆ ಕಡಲು ಸೇರುವ ಅಳಿವೆ. ಇಂಥಲ್ಲಿ ತಿಂಗಳಿಗೊಮ್ಮೆ ಹಕ್ಕಿ ಎಣಿಸಲು ಹೊರಡುವವರು ಮೊದಲು ಕೇಳುವುದು ‘ಯಾವ ಭಾನುವಾರ?’ ಎಂದು. ಕೇಳಬೇಕಾದದ್ದು ಭರತ, ಅಂದರೆ ಕಡಲ ನೀರು ಪೂರ್ತಿ ಏರುವುದು, ಎಷ್ಟು ಹೊತ್ತಿಗೆ ಎಂದು.

ಇಳಿತದಲ್ಲಿ ಕೆಸರು ತೆರೆದುಕೊಂಡಾಗ ನೀರಂಚಿನ ಹಕ್ಕಿಗಳಾದ ಪ್ಲವರ್, ಸ್ಯಾಂಡ್‌ಪೈಪರ್‌ಗಳು ಹೊಳೆಯುದ್ದಕ್ಕೂ ಚದುರಿ ಮೇಯುತ್ತವೆ. ನೀರು ಏರಿ ಮೇವಿನ ಜಾಗ ಮುಳುಗಿದ ಮೇಲೆ ಅಳಿವೆ ಪಕ್ಕದ ಒಣ ಮರಳಲ್ಲಿ ಗುಂಪುಗೂಡಿ ಕೂರುತ್ತವೆ. ಎಣಿಕೆಗೆ ಅದೇ ಹೊತ್ತು. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ‘ಮೊದಲ ಭಾನುವಾರ, ಬೆಳಿಗ್ಗೆ 7’ ಎಂದು ಗೊತ್ತುಮಾಡಿಕೊಂಡರೆ ಒಂದು ತಿಂಗಳು ತುಂಬಿದ ಹೊಳೆ, ಇನ್ನೊಂದು ತಿಂಗಳು ಬರೀ ಕೆಸರು. ಹಕ್ಕಿ ಕಮ್ಮಿಯಾದವು ಎಂದು ವರದಿ ಬರೆಯುತ್ತೀರಿ, ಕಮ್ಮಿಯಾಗಿದ್ದದ್ದು ನೀರು.

ಭರತ ನಡೆಯುವುದು ಚಂದ್ರನ ಲೆಕ್ಕದಲ್ಲಿ, ಹಾಗಾಗಿ ಪಂಚಾಂಗ ಇಲ್ಲಿ ಕೆಲಸಕ್ಕೆ ಬರುತ್ತದೆ. ಮಲ್ಪೆಯ ಭರತ-ಇಳಿತದ ಪಟ್ಟಿ ನೋಡಿ, ಬೆಳಿಗ್ಗೆ 8ರ ಆಸುಪಾಸಿನಲ್ಲಿ ಭರತವಾಗುವ ತಿಥಿ ಹುಡುಕಿ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.5 ದಿನ, ಹಾಗಾಗಿ ಮುಂದಿನ ತಿಂಗಳೂ ಅದೇ ತಿಥಿಗೆ ಹೆಚ್ಚುಕಡಿಮೆ ಅದೇ ಹೊತ್ತು. ರಜೆಗಾಗಿ ಎರಡು ದಿನ ಆಚೀಚೆ ಮಾಡಿದರೆ ಹೊರಡುವ ಗಂಟೆಯನ್ನೂ ಸರಿಸಿ.

ಕಡಲ ಬದಿಯಿಂದ ಉತ್ತರಕ್ಕೆ ನಡೆಯಿರಿ. ನೀರಿನತ್ತ ತಿರುಗಿದರೆ ಬೆಳಗಿನ ಬಿಸಿಲು ಬೆನ್ನಿಗೆ. ಭರತಕ್ಕೆ ಅರ್ಧ ಗಂಟೆ ಮುಂಚೆ ತುದಿಯ ಹತ್ತಿರ ಇರಿ. ಕೂತ ಹಕ್ಕಿಗಳು ಕತ್ತೆತ್ತಿ ನೋಡತೊಡಗಿದರೆ ಅಲ್ಲೇ ನಿಂತು ಸ್ಕೋಪ್ (ಕಾಲುಗಳ ಮೇಲೆ ನಿಲ್ಲಿಸುವ ದೂರದರ್ಶಕ) ಹೂಡಿ. ಇನ್ನು ಹತ್ತು ಹೆಜ್ಜೆ ಇಟ್ಟರೆ ಇಡೀ ಗುಂಪು ಎದ್ದೀತು.

ಮೊದಲು ಗುಂಪಿನ ಒಟ್ಟು ಎಣಿಕೆ. ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಲ್ಲಿಟ್ಟುಕೊಂಡು ಗುಂಪಿನುದ್ದಕ್ಕೂ ಅಳೆಯಿರಿ. ಇಬ್ಬರು ಬೇರೆಬೇರೆ ಎಣಿಸಿ, ಬರೆದಿಡುವ ತನಕ ಹೇಳಿಕೊಳ್ಳಬೇಡಿ; ಒಬ್ಬರ ಸಂಖ್ಯೆ ಕಿವಿಗೆ ಬಿದ್ದರೆ ಇನ್ನೊಬ್ಬರದು ಅತ್ತಲೇ ವಾಲುತ್ತದೆ. ಆಮೇಲೆ ಜಾತಿ ವಿಂಗಡಣೆ: ಗುಂಪಿನ ಮೂರ್ನಾಲ್ಕು ಕಡೆ ನೂರು ನೂರು ಹಕ್ಕಿ ನೋಡಿ ಪ್ರಮಾಣ ತೆಗೆಯಿರಿ. ಒಂದೇ ಅಂಚು ನೋಡಿದರೆ ಮೋಸ, ಒಂದು ಜಾತಿಯವು ಒತ್ತಟ್ಟಿಗೆ ಕೂರುವುದುಂಟು. ಲೆಸ್ಸರ್ ಸ್ಯಾಂಡ್ ಪ್ಲವರ್ 2022ರಲ್ಲಿ ಇಬರ್ಡ್ (ಹಕ್ಕಿ ದಾಖಲಿಸುವ ಜಾಲತಾಣ) ಪಟ್ಟಿಯಲ್ಲಿ ಸೈಬೀರಿಯನ್, ಟಿಬೆಟನ್ ಎಂದು ಎರಡು ಜಾತಿಯಾಯಿತು. ಚಳಿಗಾಲದ ಬೂದು ಪುಕ್ಕದಲ್ಲಿ ಬಿಡಿಸಲಾಗದಿದ್ದರೆ ‘ಸೈಬೀರಿಯನ್/ಟಿಬೆಟನ್’ ಎಂದೇ ಬರೆಯಿರಿ. ಊಹೆಗಿಂತ ಅದು ಎಷ್ಟೋ ಮೇಲು.

ಕಡಲ ಹಕ್ಕಿಗಳಾದ ಗಲ್, ಟರ್ನ್‌ಗಳದು ಬೇರೆ ತಲೆನೋವು. ಅಳಿವೆ ದಾಟಿ ಹಂಗಾರಕಟ್ಟೆ ಕಡೆ ಹೋಗಿ ಮರಳುತ್ತಲೇ ಇರುತ್ತವೆ, ಕೈರಂಪಣಿ ಬಲೆ ಎಳೆದರಂತೂ ಕೇಳಲೇಬೇಡಿ. ಕೂತಿರುವಾಗ ಒಂದೇ ಸಲ ಎಣಿಸಿ, ಆಮೇಲೆ ಬಂದಿಳಿದವನ್ನು ಬಿಟ್ಟುಬಿಡಿ.

ಇಬರ್ಡ್‌ಗೆ ಒಬ್ಬರೇ ಪಟ್ಟಿ ಹಾಕಿ ಉಳಿದವರೊಂದಿಗೆ ಹಂಚಿಕೊಳ್ಳಿ. ಮೂವರು ಮೂರು ಪಟ್ಟಿ ಹಾಕಿದರೆ ಅದೇ ಗುಂಪು ಮೂರು ಸಲ ದಾಖಲಾಗುತ್ತದೆ. ಸಂಖ್ಯೆಯ ಜಾಗದಲ್ಲಿ ‘ಎಕ್ಸ್’ (ಕಂಡಿದೆ, ಎಣಿಸಿಲ್ಲ ಎಂಬ ಗುರುತು) ಬೇಡ.

ಮಳೆಗಾಲದಲ್ಲಿ ಕಡಲ ಬದಿ ಬಿಡಿ, ಅಲೆ ದಾರಿಯನ್ನೇ ತಿನ್ನುತ್ತದೆ. ಹೊಳೆ ಬದಿಯ ರಸ್ತೆಯಿಂದಲೇ ಎಣಿಸಿ, ದಾರಿ ಬದಲಾದದ್ದನ್ನು ಟಿಪ್ಪಣಿಯಲ್ಲಿ ಬರೆಯಿರಿ. ಜುಲೈಯಲ್ಲಿ ಏನಿರುತ್ತದೆ ಎನ್ನುವವರಿದ್ದಾರೆ. ಮರಿ ಮಾಡುವ ಪ್ರಾಯಕ್ಕೆ ಬಾರದ ಕೆಲವು ಪ್ಲವರ್‌ಗಳು ಉತ್ತರಕ್ಕೆ ಹೋಗದೆ ನಮ್ಮ ಕರಾವಳಿಯಲ್ಲೇ ಉಳಿಯುತ್ತವೆ. ಆಗಸ್ಟಿನ ಗುಂಪಿನಲ್ಲಿ ಹೊಸದಾಗಿ ಬಂದವು ಸುಮಾರು ಎಷ್ಟು ಎಂದು ತಿಳಿಯಲು ಜುಲೈಯ ಸಂಖ್ಯೆ ಬೇಕೇ ಬೇಕು, ಅದು ಸೊನ್ನೆಯಾದರೂ ಸರಿ.