ವಿಚಾರ ಹಚ್ಚಿಕೊಂಡವರ ಎದುರು ಕುಳಿತುಕೊಳ್ಳುವ ವಿದ್ಯೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಲಬುರಗಿ ಸೀಮೆಯಲ್ಲಿ ‘ವಿಚಾರ’ ಎಂಬ ಮಾತಿಗೆ ಬೇರೆಯದೇ ತೂಕವಿದೆ. ಮಗಳ ಮದುವೆಗೆ ತೆಗೆದ ಸಾಲ, ನೆಟೆ ರೋಗ ಬಿದ್ದು ನಿಂತಲ್ಲೇ ಒಣಗಿದ ತೊಗರಿ, ಪುಣೆಗೆ ದುಡಿಯಲು ಹೋಗಿ ತಿಂಗಳುಗಟ್ಟಲೆ ಫೋನು ಮಾಡದ ಮಗ. ಇವುಗಳಲ್ಲಿ ಒಂದು ತಲೆಯನ್ನು ಹೊಕ್ಕು ಹೊರಬೀಳದೆ ಕುಳಿತಾಗ ಮನೆಯವರು ‘ವಿಚಾರ ಹಚ್ಚಿಕೊಂಡಿದ್ದಾನೆ’ ಎನ್ನುತ್ತಾರೆ. ನಿದ್ದೆ ಹೋಗುತ್ತದೆ, ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ, ಎದೆ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತದೆ. ಖಿನ್ನತೆ ಎಂಬ ಶಬ್ದ ಆ ಮನೆಯಲ್ಲಿ ಯಾರ ಬಾಯಿಗೂ ಬರುವುದಿಲ್ಲ. ‘ವಿಚಾರ’ ಎಂದರೆ ಸಾಕು, ಓಣಿಗೆಲ್ಲ ತಿಳಿಯುತ್ತದೆ.

ಆಫ್ರಿಕಾದ ಜಿಂಬಾಬ್ವೆಯಲ್ಲಿ ಆಡುವ ಶೋನಾ ಭಾಷೆಯಲ್ಲಿ ಇದಕ್ಕೆ ಸರಿಸಾಟಿಯಾದ ಒಂದು ಮಾತಿದೆ: ಕುಫುಂಗಿಸಿಸಾ. ಮಿತಿಮೀರಿ ಯೋಚಿಸುವುದು ಎಂದು ಅದರ ಅರ್ಥ. 2006ರಲ್ಲಿ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು ಹರಾರೆ ನಗರದಲ್ಲಿ 14 ಜನ ಅಜ್ಜಿಯರಿಗೆ ತರಬೇತಿ ಕೊಟ್ಟು, ಚಿಕಿತ್ಸಾಲಯದ ಅಂಗಳದಲ್ಲಿ ಹಾಕಿದ ಮರದ ಬೆಂಚಿನ ಮೇಲೆ ಕೂರಿಸಿದರು. ಬಂದವರಿಗೆ ಅಜ್ಜಿಯರು ರೋಗದ ಹೆಸರು ಹೇಳಲಿಲ್ಲ. ಕುಫುಂಗಿಸಿಸಾ ಎಂಬ ಮನೆಮಾತಿನಲ್ಲೇ ಮಾತು ಶುರುವಾಯಿತು. ತೊಂದರೆಗಳನ್ನೆಲ್ಲ ಬಿಡಿಸಿ ಹೇಳಿಸುವುದು, ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು, ಅದಕ್ಕೆ ಕೈಗೆಟಕುವ ಒಂದು ದಾರಿ ಹುಡುಕುವುದು. ಕೆಲಸ ಇಷ್ಟೇ. 24 ಚಿಕಿತ್ಸಾಲಯಗಳಲ್ಲಿ 573 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ನೋಡಿದಾಗ, ಬೆಂಚಿನ ಮೇಲೆ ಕುಳಿತು ಹೋದವರಲ್ಲಿ ಖಿನ್ನತೆಯ ಲಕ್ಷಣ ಉಳಿದದ್ದು ನೂರಕ್ಕೆ ಸುಮಾರು 14 ಜನರಲ್ಲಿ. ಮಾಮೂಲಿನ ಆರೈಕೆ ಪಡೆದವರಲ್ಲಿ ನೂರಕ್ಕೆ ಸುಮಾರು 50 ಜನರಲ್ಲಿ.

ಇದನ್ನು ಓದಿದ ದಿನ ನನಗೆ ನನ್ನ ವೃತ್ತಿಯ ಮೊದಲ ವರ್ಷ ನೆನಪಾಯಿತು. ಸ್ನಾತಕೋತ್ತರ ಪದವಿ ಮುಗಿಸಿ ತಾಲ್ಲೂಕು ಊರೊಂದರಲ್ಲಿ ಆಪ್ತಸಮಾಲೋಚಕಿಯಾಗಿ ಕುಳಿತಿದ್ದೆ. ಒಂದು ಮಧ್ಯಾಹ್ನ ನಡುವಯಸ್ಸಿನ ಹೆಂಗಸೊಬ್ಬರು ಬಂದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಅರ್ಧ ಮಾತು ಆಡಿ ನಿಂತರು. ಆ ಅರ್ಧ ಮಾತಿಗೇ ನಾನು ಉತ್ತರ ಶುರು ಮಾಡಿದೆ. ಗಂಡನೊಂದಿಗೆ ಹೀಗೆ ಮಾತನಾಡಿ, ಸಂಘಕ್ಕೆ ಸೇರಿ, ಬೆಳಿಗ್ಗೆ ಸ್ವಲ್ಪ ನಡೆಯಿರಿ ಎಂದೆ. ಹತ್ತು ನಿಮಿಷದಲ್ಲಿ ನನ್ನ ಬತ್ತಳಿಕೆ ಖಾಲಿಯಾಯಿತು. ಅವರು ‘ಆಯಿತು’ ಎಂದು ಎದ್ದು ಹೋದರು. ಮತ್ತೆ ಬರಲಿಲ್ಲ. ರಿಜಿಸ್ಟರಿನಲ್ಲಿ ನಾನು ‘ಸಲಹೆ ನೀಡಲಾಯಿತು, ಸಹಕರಿಸಿದರು’ ಎಂದು ಬರೆದೆ. ಆ ಬರಹದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಅವರು ಹೇಳಲು ಬಂದಿದ್ದ ಉಳಿದರ್ಧ ಮಾತು ಅದರಲ್ಲಿ ಇರಲಿಲ್ಲ. ಆ ದಿನ ಏನು ನಡೆಯಿತು ಎಂದು ನನ್ನನ್ನು ಕೇಳುವವರು ಕೂಡ ಯಾರೂ ಇರಲಿಲ್ಲ. ಇಷ್ಟು ವರ್ಷಗಳ ನಂತರವೂ ಆ ಬೆರಳಿಗೆ ಸುತ್ತಿದ ಸೆರಗು ನನ್ನ ಕಣ್ಣ ಮುಂದಿದೆ.

ಆಪ್ತಸಮಾಲೋಚನೆಯ ಕುರಿತ ಸಂಶೋಧನೆ ನಿಜವಾಗಿ ಶುರುವಾದದ್ದು ಈ ಬಿಟ್ಟುಹೋದ ಅರ್ಧ ಮಾತಿನ ಹುಡುಕಾಟದಿಂದಲೇ. ಅದಕ್ಕೂ ಮೊದಲು ಬಾಗಿಲು ಮುಚ್ಚಿದ ಕೋಣೆಯಲ್ಲಿ ನಡೆದದ್ದು ಹೊರಗೆ ತಿಳಿಯುತ್ತಿದ್ದುದು ಬಹುಮಟ್ಟಿಗೆ ಸಮಾಲೋಚಕರ ನೆನಪಿನಿಂದ. 1940ರ ದಶಕದ ಆರಂಭದಲ್ಲಿ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಮತ್ತು ಅವರ ವಿದ್ಯಾರ್ಥಿಗಳು ಈ ಮಾತುಕತೆಗಳನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಮುದ್ರಿಸಿಕೊಳ್ಳತೊಡಗಿದರು. ಒಬ್ಬ ವ್ಯಕ್ತಿಯೊಂದಿಗೆ ನಡೆದ ಎಂಟು ಭೇಟಿಗಳ ಮಾತನ್ನು ರೋಜರ್ಸ್ 1942ರಲ್ಲಿ ಹೇಗಿತ್ತೋ ಹಾಗೆ ಅಚ್ಚು ಹಾಕಿಸಿದರು. ಅವರ ವಿದ್ಯಾರ್ಥಿ ಬರ್ನಾರ್ಡ್ ಕೋವ್ನರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಮಾಲೋಚಕರು ಭೇಟಿಯ ನಂತರ ಬರೆದುಕೊಂಡ ಟಿಪ್ಪಣಿಯನ್ನೂ ತಟ್ಟೆಯ ಮೇಲಿನ ಮಾತನ್ನೂ ಜೊತೆಗಿಟ್ಟು ನೋಡಿದರು. ಬರೆದದ್ದು ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ಆದರೆ ಆಡಿದ ಮಾತಿನ ದೊಡ್ಡ ಪಾಲು ಬರಹದಲ್ಲಿ ಬಿಟ್ಟುಹೋಗಿತ್ತು. ನನ್ನ ರಿಜಿಸ್ಟರಿನ ಹಾಗೆಯೇ.

ಹಾಗಾದರೆ ವರ್ಷಗಳು ಕಳೆದಂತೆ, ನೂರಾರು ಜನರನ್ನು ನೋಡಿದಂತೆ ಕೈ ತಾನಾಗಿ ಪಳಗುವುದಿಲ್ಲವೇ? ನಾನೂ ಹಾಗೆಯೇ ನಂಬಿದ್ದೆ. ಬಡಗಿ, ಕಮ್ಮಾರ, ಸೂಲಗಿತ್ತಿ ಎಲ್ಲರೂ ಮಾಡಿ ಮಾಡಿಯೇ ಕಲಿಯುತ್ತಾರಲ್ಲ. 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ 170 ಜನ ಮನೋಚಿಕಿತ್ಸಕರನ್ನೂ ಅವರ ಬಳಿ ಬಂದ 6,500ಕ್ಕೂ ಹೆಚ್ಚು ಜನರನ್ನೂ ವರ್ಷಗಳ ಕಾಲ ಹಿಂಬಾಲಿಸಿ ಲೆಕ್ಕ ಹಾಕಿತು. ಅನುಭವ ಹೆಚ್ಚಿದಂತೆ ಫಲಿತಾಂಶ ಸರಾಸರಿಯಲ್ಲಿ ಸುಧಾರಿಸಿರಲಿಲ್ಲ. ಕೂದಲೆಳೆಯಷ್ಟು ಇಳಿದಿತ್ತು. ಕೆಲವರು ಬೆಳೆದಿದ್ದರು, ನಿಜ. ಎಲ್ಲರೂ ಬೆಳೆದಿರಲಿಲ್ಲ. ಯೋಚಿಸಿದರೆ ಕಾರಣ ಸಿಗುತ್ತದೆ. ಬಡಗಿಯ ಕುರ್ಚಿ ವಾಲಿದರೆ ಅವನ ಕಣ್ಣಿಗೇ ಬೀಳುತ್ತದೆ. ಕೂತವನು ಬಿದ್ದರೆ ಊರಿಗೇ ತಿಳಿಯುತ್ತದೆ. ನಮ್ಮ ಬಳಿ ಬಂದು ‘ಆಯಿತು’ ಎಂದು ಎದ್ದು ಹೋದವರು ಮನೆಗೆ ಹೋಗಿ ಏನಾದರು ಎಂಬುದು ನಮಗೆ ಕಾಣುವುದೇ ಇಲ್ಲ. ತಪ್ಪು ಕಾಣದವರಿಗೆ ವರ್ಷಗಳು ಏನನ್ನು ತಾನೇ ಕಲಿಸಿಯಾವು?

ಇಲ್ಲಿಗೆ ಗೋವಾದ ಕೆಲಸವನ್ನು ಹೇಳಲೇಬೇಕು. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಎಂಬ ಸ್ವಯಂಸೇವಾ ಸಂಸ್ಥೆಯವರು ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಮನಶ್ಶಾಸ್ತ್ರದ ಪದವಿಯೇ ಇಲ್ಲದ ಸ್ಥಳೀಯರನ್ನು ಆರಿಸಿ ಸಮಾಲೋಚಕರನ್ನಾಗಿ ತಯಾರು ಮಾಡಿದರು. ಖಿನ್ನತೆ ಗಟ್ಟಿಯಾಗಿ ಹಿಡಿದ 495 ಜನರ ಮೇಲೆ ನಡೆದ ಆ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಆರರಿಂದ ಎಂಟು ಭೇಟಿ. ಮನಸ್ಸು ಸರಿಹೋದ ಮೇಲೆ ಎದ್ದರಾಯಿತು ಎಂದು ಕಾಯದೆ, ಸಣ್ಣಪುಟ್ಟ ಕೆಲಸಗಳಿಂದಲೇ ಮನಸ್ಸನ್ನು ಎಬ್ಬಿಸುವ ವಿಧಾನ. ಮೂರು ತಿಂಗಳ ನಂತರ ಸಮಾಲೋಚನೆ ಪಡೆದವರಲ್ಲಿ ನೂರಕ್ಕೆ 64 ಜನ ಖಿನ್ನತೆಯಿಂದ ಹೊರಬಂದಿದ್ದರು. ಸಮಾಲೋಚನೆ ಸಿಗದವರಲ್ಲಿ ಆ ಸಂಖ್ಯೆ ನೂರಕ್ಕೆ 39.

ಈ ಅಂಕಿಗಳನ್ನು ಎಲ್ಲರೂ ಉದಾಹರಿಸುತ್ತಾರೆ. ಅವುಗಳ ಹಿಂದಿದ್ದ ದಿನಚರಿ ನನಗೆ ಅಂಕಿಗಿಂತ ದೊಡ್ಡದಾಗಿ ಕಾಣುತ್ತದೆ. ತರಬೇತಿ ಮುಗಿಯಿತೆಂದು ಅವರನ್ನು ಕೈಬಿಡಲಿಲ್ಲ. ಬಂದವರ ಒಪ್ಪಿಗೆ ಪಡೆದು ಭೇಟಿಯ ಮಾತುಗಳನ್ನು ಧ್ವನಿಮುದ್ರಿಸಿಕೊಂಡರು. ಸಮಾಲೋಚಕರು ಗುಂಪಾಗಿ ಕುಳಿತು ಆ ಮುದ್ರಣಗಳನ್ನು ಕೇಳಿ, ಒಂದು ಅಳತೆಪಟ್ಟಿ ಹಿಡಿದು ಪರಸ್ಪರ ಅಂಕ ಕೊಟ್ಟರು. ಇಲ್ಲಿ ಆಕೆಯ ಮಾತಿಗೆ ನೀನು ಅಡ್ಡ ಬಂದೆ, ಇಲ್ಲಿ ಆತ ಅತ್ತಾಗ ನೀನು ಬೇರೆ ಪ್ರಶ್ನೆಗೆ ಜಿಗಿದೆ ಎಂದು ಓರಗೆಯವರೇ ತೋರಿಸಿಕೊಡುವುದು. ಅಜ್ಜಿಯರಾಗಲಿ ಈ ಗೋವಾದವರಾಗಲಿ, ಪದವಿಯಿಲ್ಲದೆಯೂ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದು ಬೆನ್ನ ಹಿಂದೆ ಈ ಆಸರೆ ಇದ್ದುದರಿಂದ ಎಂಬುದು ನನ್ನ ದೃಢವಾದ ನಂಬಿಕೆ.

ನಮ್ಮ ಭಾಗಕ್ಕೆ ಇದು ಹೊರಗಿನ ಸಂಗತಿಯೇನೂ ಅಲ್ಲ. ದೇಶಕ್ಕೆಲ್ಲ ಹರಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬೀಜ ಬಿದ್ದದ್ದು ಕಲ್ಯಾಣ ಕರ್ನಾಟಕದ ನೆಲದಲ್ಲೇ. 1980ರ ದಶಕದ ನಡುವಿನಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ಕೊಟ್ಟು, ಮನೋರೋಗದ ಆರೈಕೆಯನ್ನು ಹಳ್ಳಿಯ ಹತ್ತಿರಕ್ಕೆ ತಂದು ತೋರಿಸಿದರು. 1996ರಲ್ಲಿ ಕೇಂದ್ರ ಸರ್ಕಾರ ಅದನ್ನೇ ಮಾದರಿಯಾಗಿ ತೆಗೆದುಕೊಂಡಿತು. ಆದರೂ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ದೇಶದ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು, ಅವರಲ್ಲಿ ಬಹುಪಾಲಿಗೆ ಆರೈಕೆ ಸಿಕ್ಕಿರಲಿಲ್ಲ.

ಈಗ ಆಪ್ತಸಮಾಲೋಚನೆ ಕಲಿಸುವ ನನ್ನ ತರಗತಿಗೆ ಬನ್ನಿ. ಬರುವ ವಿದ್ಯಾರ್ಥಿಗಳು ಆಳಂದ, ಚಿಂಚೋಳಿ, ಔರಾದ್, ಸುರಪುರದ ಕಡೆಯವರು. ಮನೆಯಲ್ಲಿ ಕೆಲವರದು ಕನ್ನಡ, ಕೆಲವರದು ದಖನಿ, ಕೆಲವರದು ಲಂಬಾಣಿ. ಬೀದರ್ ಗಡಿಯವರಿಗೆ ಮರಾಠಿ, ಗುರುಮಠಕಲ್ ಕಡೆಯವರಿಗೆ ತೆಲುಗು. ಪಠ್ಯ ಮಾತ್ರ ಇಂಗ್ಲಿಷಿನದು. ರೋಜರ್ಸ್ 1957ರಲ್ಲಿ ಬರೆದ ಪ್ರಸಿದ್ಧ ಲೇಖನದ ‘ಎಂಪತಿ’ ಎಂಬ ಮುಖ್ಯ ಮಾತನ್ನು ನಾವು ‘ಪರಾನುಭೂತಿ’ ಎಂದು ಅನುವಾದಿಸುತ್ತೇವೆ. ಮಕ್ಕಳು ಅದನ್ನು ಪರೀಕ್ಷೆಗೆ ಬರೆಯುತ್ತಾರೆ. ಎದುರಿಗೆ ಅಳುವವರು ಕುಳಿತಾಗ ಬಾಯಿಂದ ಬರುವುದು ‘ಅಯ್ಯೋ ಪಾಪ’. ನಮ್ಮಲ್ಲಿ ‘ಪಾಪ’ ಎನ್ನುವುದು ಪ್ರೀತಿಯ ಮಾತು, ಒಪ್ಪುತ್ತೇನೆ. ಆದರೆ ಪಾಪ ಎನ್ನಿಸಿಕೊಂಡವರು ಒಂದು ಮೆಟ್ಟಿಲು ಕೆಳಗಿಳಿಯುತ್ತಾರೆ. ನಿಮ್ಮ ಸಂಕಟ ಎಷ್ಟು ಆಳದ್ದೆಂದು ನನಗೆ ಕಂಡಿತು ಎಂದು ಅವರಿಗೆ ಅನ್ನಿಸುವಂತೆ ಇರುವುದು ಬೇರೆ ಕೆಲಸ. ಅದನ್ನು ವ್ಯಾಖ್ಯೆಯಿಂದ ಕಲಿಸಲಾಗದು, ಮಾಡಿಸಿಯೇ ಕಲಿಸಬೇಕು.

‘ಬುದ್ಧಿ ಹೇಳುವುದು’ ಇದಕ್ಕಿಂತ ದೊಡ್ಡ ತೊಡಕು. ತಂದೆ ಹದಿನೇಳರ ಮಗನನ್ನು ಕರೆತಂದು ‘ಇವನಿಗೆ ಸ್ವಲ್ಪ ಬುದ್ಧಿ ಹೇಳಿ’ ಎಂದು ಕೂರಿಸಿ ಹೊರಗೆ ಹೋಗುತ್ತಾರೆ. ಆ ಹುಡುಗ ಬುದ್ಧಿಮಾತನ್ನು ಮನೆಯಲ್ಲಿ, ಶಾಲೆಯಲ್ಲಿ, ಮಾವನ ಮನೆಯಲ್ಲಿ ಸಾಕಷ್ಟು ಉಂಡು ಬಂದಿರುತ್ತಾನೆ. ಅವನಿಗೆ ಸಿಗದಿರುವುದು ಅಡ್ಡಿಯಿಲ್ಲದ ಇಪ್ಪತ್ತು ನಿಮಿಷ. 1960ರ ದಶಕದ ಕೊನೆಯಲ್ಲಿ ಅಲೆನ್ ಐವಿ ಎಂಬವರು ಸಮಾಲೋಚನೆಯ ಕೌಶಲವನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದನ್ನೇ ವಿಡಿಯೋ ತೋರಿಸಿ ಕಲಿಸುವ ಕ್ರಮವನ್ನು ತಂದರು. ಗಮನ ಕೊಟ್ಟು ಕೂರುವುದು ಅದರ ಮೊದಲ ಪಾಠ. ನಾವೂ ಅದನ್ನೇ ಅನುಸರಿಸುತ್ತೇವೆ, ಒಂದು ತಿದ್ದುಪಡಿಯೊಂದಿಗೆ. ಎದುರಿನವರ ಕಣ್ಣಿನಲ್ಲಿ ಕಣ್ಣಿಟ್ಟು ಕೂರಬೇಕು ಎಂಬ ಅಮೆರಿಕದ ಪಾಠ ಜೇವರ್ಗಿಯ ಹಳ್ಳಿಯ ಸೊಸೆಗೆ ಹೊಂದುವುದಿಲ್ಲ. ಅಪರಿಚಿತ ಗಂಡಸು ನೆಟ್ಟ ನೋಟದಿಂದ ಕುಳಿತರೆ ಆಕೆ ಬಾಯಿ ಬಿಡುವುದಿಲ್ಲ. ನೋಟ ಪದ್ಧತಿಯಿಂದ ಪದ್ಧತಿಗೆ ಬದಲಾಗುತ್ತದೆ ಎಂದು ಐವಿಯವರೇ ಮುಂದೆ ಬರೆದರು.

ನಮ್ಮ ಬಳಿಗೆ ಬರುವ ಅನೇಕರು ಅದಕ್ಕೂ ಮೊದಲು ಗಾಣಗಾಪುರಕ್ಕೆ ಹೋಗಿರುತ್ತಾರೆ, ಬಂದೇ ನವಾಜರ ದರ್ಗಾದಲ್ಲಿ ಕುಳಿತು ಬಂದಿರುತ್ತಾರೆ. ‘ಅಲ್ಲಿಗೇಕೆ ಹೋದಿರಿ’ ಎಂಬ ಒಂದೇ ಪ್ರಶ್ನೆಗೆ ಕದ ಮುಚ್ಚುತ್ತದೆ. ಅಲ್ಲಿ ಕುಳಿತಾಗ ಮನಸ್ಸಿಗೆ ಹೇಗೆನ್ನಿಸಿತು ಎಂದು ಕೇಳಿದರೆ ಅರ್ಧ ಕಥೆ ತಾನಾಗಿ ಹೊರಬರುತ್ತದೆ. ಇಂಥದ್ದು ಯಾವ ಪಠ್ಯದಲ್ಲೂ ನನಗೆ ಸಿಗಲಿಲ್ಲ, ವಿದ್ಯಾರ್ಥಿಗಳ ಧ್ವನಿಮುದ್ರಣ ಕೇಳುವಾಗ ಸಿಕ್ಕಿತು.

ನಾನು ಕೇಳಿಕೊಳ್ಳುವುದು ಒಂದನ್ನೇ. ಪ್ರಮಾಣಪತ್ರ ಕೈಗಿತ್ತು ಸಮಾಲೋಚಕರನ್ನು ಒಂಟಿಯಾಗಿ ಬಿಡಬೇಡಿ. ಕಲಬುರಗಿ, ಬೀದರ್, ಯಾದಗಿರಿ ಈ ಮೂರು ಜಿಲ್ಲೆಗಳ ಆಸ್ಪತ್ರೆ, ಕೌಟುಂಬಿಕ ನ್ಯಾಯಾಲಯ, ಹದಿಹರೆಯದವರ ಸ್ನೇಹಾ ಕ್ಲಿನಿಕ್, ಎಚ್‌ಐವಿ ಪರೀಕ್ಷಾ ಕೇಂದ್ರ, ಕಾಲೇಜುಗಳಲ್ಲಿ ಕೆಲಸ ಮಾಡುವವರು ಹದಿನೈದು ದಿನಕ್ಕೊಮ್ಮೆ ಒಂದೆಡೆ ಸೇರಬಹುದು. 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯವಿದೆ, 2009ರಿಂದ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಮೂರೂ ಜಿಲ್ಲೆಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಯಾದಗಿರಿಯಿಂದ ಕಲಬುರಗಿಗೆ ರೈಲು ಹಿಂದಿನಿಂದಲೂ ಇದೆ, 2017ರಿಂದ ಬೀದರಿನಿಂದಲೂ ಇದೆ. ಬೇಕಾದದ್ದು ಬಾಗಿಲು ಮುಚ್ಚುವ ಒಂದು ಕೋಣೆ, ಒಂದು ಮೊಬೈಲ್, ಮತ್ತು ಕೇಳಿಸಿಕೊಳ್ಳುವ ನಾಲ್ಕು ಜನ. ಒಪ್ಪಿಗೆಯಿಲ್ಲದೆ ಮುದ್ರಿಸಬಾರದು, ಹೆಸರು ಹೊರಗೆ ಹೋಗಬಾರದು. ಗೋಪ್ಯತೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು. ಓಣಿಯ ಅರ್ಧ ಜನ ನೆಂಟರೇ ಆಗಿರುವ ನಮ್ಮ ಊರುಗಳಲ್ಲಿ ಅದಿಲ್ಲದೆ ಯಾರೂ ಬಾಯಿ ಬಿಡುವುದಿಲ್ಲ.

ಈ ಮಾತನ್ನು ಕೇಳುತ್ತಿರುವ ಯಾರಿಗಾದರೂ ಈ ರಾತ್ರಿ ವಿಚಾರ ಮೈಮೇಲೆ ಬಂದಿದ್ದರೆ, ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿ. 2022ರ ಅಕ್ಟೋಬರ್‌ನಿಂದ ಇದೆ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಮೊನ್ನೆ ಅಭ್ಯಾಸದ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಸಮಾಲೋಚಕಿ, ಇನ್ನೊಬ್ಬಳು ಮಗನನ್ನು ಪುಣೆಗೆ ಕಳಿಸಿದ ತಾಯಿ. ಮುಗಿದ ಮೇಲೆ ಎಲ್ಲರೂ ಕೂಡಿ ಮುದ್ರಣ ಕೇಳಿದೆವು. ಮೊದಲ ತಿಂಗಳಲ್ಲಿ ಎರಡು ಕ್ಷಣದ ಮೌನವನ್ನೂ ತಡೆಯದೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಿದ್ದ ಹುಡುಗಿ ಈಕೆ. ಈ ಸಲ ‘ಮನೆಯಲ್ಲಿ ಸಂಜೆ ಹೇಗೆ ಕಳೆಯುತ್ತದೆ’ ಎಂದು ಕೇಳಿ ಸುಮ್ಮನಾದಳು. ಮುದ್ರಣದಲ್ಲಿ ಫ್ಯಾನಿನ ಸದ್ದು. ಹೊರಗೆ ಎಲ್ಲೋ ಆಟೋ ಹೋದ ಸದ್ದು. ಮತ್ತೆ ಫ್ಯಾನು. ಆಮೇಲೆ ತಾಯಿಯಾಗಿ ಕುಳಿತವಳು ನಾವು ಯಾರೂ ಬರೆದುಕೊಡದ ಒಂದು ಮಾತು ಹೇಳಿದಳು: ‘ಫೋನು ಬಂದರೆ ಏನು ಮಾತನಾಡಬೇಕೆಂದು ದಿನಾ ಜೋಡಿಸಿಕೊಂಡು ಕೂರುತ್ತೇನೆ.’

ಆ ಭಾಗವನ್ನು ನಾವು ಇನ್ನೊಮ್ಮೆ ಹಾಕಿ ಕೇಳಿದೆವು.

ನಮಸ್ಕಾರ.