ಎಲ್ಲರೂ ದೂರದಿಂದಲೇ ಎಸೆದರೆ

ಕೇಳುಗರಿಗೆ ನಮಸ್ಕಾರ.

ಕಾಸರಗೋಡಿನಲ್ಲಿ ಕೂತು ಬಾಸ್ಕೆಟ್‌ಬಾಲ್ ಬಗ್ಗೆ ಮಾತಾಡುವುದೆಂದರೆ ಸ್ವಲ್ಪ ಧೈರ್ಯ ಬೇಕು. ಇಲ್ಲಿ ಕಬಡ್ಡಿ ಇದೆ, ವಾಲಿಬಾಲ್ ಇದೆ, ಫುಟ್‌ಬಾಲ್ ಅಂತೂ ಕೇಳುವುದೇ ಬೇಡ. ಕಬಡ್ಡಿಗೆ ಹದ ಮಾಡಿದ ಮಣ್ಣು ಸಾಕು. ವಾಲಿಬಾಲಿಗೆ ಎರಡು ಕಂಬ, ಒಂದು ನೆಟ್. ಬಾಸ್ಕೆಟ್‌ಬಾಲಿಗೆ ಸಿಮೆಂಟಿನ ನೆಲವೇ ಆಗಬೇಕು. ನಮ್ಮ ಮುರಕಲ್ಲಿನ ಮೈದಾನದಲ್ಲಿ ಚೆಂಡು ಪುಟಿಸಿ ನೋಡಿ. ಅದು ತಿರುಗಿ ನಿಮ್ಮ ಕೈಗೇ ಬಂದರೆ ನಿಮ್ಮ ಪುಣ್ಯ.

ಆದರೂ ಉಪ್ಪಳ, ಕುಂಬಳೆ, ಬದಿಯಡ್ಕ ಪೇಟೆಯಲ್ಲಿ 30ನೇ ನಂಬರಿನ ಜೆರ್ಸಿ ಹಾಕಿಕೊಂಡ ಹುಡುಗರು ಕಣ್ಣಿಗೆ ಬೀಳುತ್ತಾರೆ. ದುಬೈಯಿಂದ ರಜೆಗೆ ಬಂದ ಮಾವನೋ ಅಣ್ಣನೋ ತಂದದ್ದು. ಅದು ಸ್ಟೀಫನ್ ಕರಿ ಎಂಬ ಬಾಸ್ಕೆಟ್‌ಬಾಲ್ ಆಟಗಾರನ ನಂಬರು. ಇವತ್ತು ಅಮೆರಿಕದ ಎನ್‌ಬಿಎ ಲೀಗಿನ ಬಗ್ಗೆ ಏನು ಜಗಳ ನಡೆದರೂ ಸುತ್ತಿ ಬಳಸಿ ಅವನ ಹತ್ತಿರವೇ ಬಂದು ನಿಲ್ಲುತ್ತದೆ.

ಹಳೆಯ ಅಭಿಮಾನಿಗಳ ಆಕ್ಷೇಪ ಏನೆಂದರೆ, ಈಗ ಎನ್‌ಬಿಎ ನೋಡಲು ಆಗುವುದಿಲ್ಲ, ಎಲ್ಲರೂ ದೂರ ನಿಂತು ಚೆಂಡು ಎಸೆಯುತ್ತಾರೆ, ಅಷ್ಟೇ. ಇದರಲ್ಲಿ ಎಷ್ಟು ನಿಜ?

ಬುಟ್ಟಿಯ ಸುತ್ತ ಕಮಾನಿನ ಹಾಗೆ ಒಂದು ಗೆರೆ ಇರುತ್ತದೆ. ಅದರ ಒಳಗಿನಿಂದ ಬುಟ್ಟಿಗೆ ಹಾಕಿದರೆ ಎರಡು ಅಂಕ, ಹೊರಗಿನಿಂದ ಹಾಕಿದರೆ ಮೂರು. ಎನ್‌ಬಿಎ ಈ ಗೆರೆಯನ್ನು ತಂದದ್ದು 1979ರಲ್ಲಿ. ಆ ಸೀಸನ್ನಿನಲ್ಲಿ ಒಂದು ತಂಡ ಒಂದು ಪಂದ್ಯದಲ್ಲಿ ಸರಾಸರಿ ಮೂರು ಸಲವೂ ಗೆರೆಯ ಹೊರಗಿನಿಂದ ಎಸೆಯುತ್ತಿರಲಿಲ್ಲ. ಸರ್ಕಸ್ಸಿನ ಲೆಕ್ಕ ಅದು. 2024–25ರ ಹೊತ್ತಿಗೆ ಸರಾಸರಿ 37 ದಾಟಿತು. ಬಾಸ್ಟನ್ ತಂಡವಂತೂ ಪಂದ್ಯಕ್ಕೆ 48 ಸಲ ಎಸೆಯಿತು. ಎಸೆದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ದೂರದಿಂದಲೇ!

ಕಾರಣ ಕೂಡಿಸಿ ಗುಣಿಸಲು ಬರುವ ಯಾರಿಗೂ ಗೊತ್ತಾಗುತ್ತದೆ. ಗೆರೆಯ ಹೊರಗಿನಿಂದ ನೂರು ಸಲ ಎಸೆದು 36 ಬುಟ್ಟಿಗೆ ಬಿದ್ದರೆ 108 ಅಂಕ. ಗೆರೆಯಿಂದ ಎರಡು ಹೆಜ್ಜೆ ಒಳಗೆ ಬಂದು ನೂರು ಸಲ ಎಸೆದು 42 ಬಿದ್ದರೂ ಸಿಗುವುದು 84. ಹಾಗಿರುವಾಗ ಆ ಎರಡು ಹೆಜ್ಜೆ ಒಳಗೆ ಯಾಕೆ ಬರಬೇಕು, ಅಲ್ವಾ? ಬಂದರೆ ಪೂರ್ತಿ ಬುಟ್ಟಿಯ ಬುಡಕ್ಕೇ ಬರಬೇಕು, ಇಲ್ಲದಿದ್ದರೆ ಹೊರಗೇ ನಿಲ್ಲಬೇಕು. ನಡುವಿನ ಜಾಗ ಪಡಿಲು ಬಿದ್ದ ಗದ್ದೆಯಂತಾಯಿತು. ಮೈಕೆಲ್ ಜೋರ್ಡಾನ್ ಎದುರಾಳಿಗೆ ಬೆನ್ನು ಕೊಟ್ಟು, ತಟ್ಟನೆ ತಿರುಗಿ, ಹಿಂದಕ್ಕೆ ಹಾರುತ್ತಾ ಎಸೆಯುತ್ತಿದ್ದ ಜಾಗ ಅದೇ.

ಕರಿ 2015–16ರ ಒಂದೇ ಸೀಸನ್ನಿನಲ್ಲಿ 402 ಸಲ ಮೂರಂಕ ಹೊಡೆದ. ಅವನು ಎಸೆಯುವುದನ್ನು ನೋಡುವುದು ಇವತ್ತಿಗೂ ಚಂದ. ತೊಂದರೆ ಶುರುವಾದದ್ದು ಅವನಿಂದಲ್ಲ, ಅವನಷ್ಟು ಕೈಗುರಿ ಇಲ್ಲದವರೆಲ್ಲ ಅವನ ದಾರಿ ಹಿಡಿದಾಗ. 2018ರಲ್ಲಿ ಹ್ಯೂಸ್ಟನ್ ತಂಡ ಫೈನಲ್ಸ್‌ಗೆ ಒಂದೇ ಗೆಲುವು ದೂರದಲ್ಲಿತ್ತು. ಕರಿಯ ತಂಡದ ಎದುರು ಏಳು ಪಂದ್ಯಗಳ ಸರಣಿಯ ಕೊನೆಯ, ಏಳನೇ ಪಂದ್ಯ. ಸಾಲಾಗಿ 27 ಮೂರಂಕದ ಎಸೆತ ತಪ್ಪಿತು. ಇಪ್ಪತ್ತೇಳು! ಆದರೂ ಎಸೆಯುವುದನ್ನು ನಿಲ್ಲಿಸಲಿಲ್ಲ, ಲೆಕ್ಕ ಹಾಗೆ ಹೇಳುತ್ತದಲ್ಲ. ಸೋತು ಮನೆಗೆ ಹೋದರು.

ಇನ್ನೊಂದು ಗುಟ್ಟು ಮೂಲೆಯಲ್ಲಿದೆ. ಕಮಾನಿನ ನಡುವೆ ಗೆರೆ ಬುಟ್ಟಿಯಿಂದ 23 ಅಡಿ 9 ಇಂಚು ದೂರ. ಅಂಗಣದ ಎರಡೂ ಮೂಲೆಯಲ್ಲಿ ಮಾತ್ರ 22 ಅಡಿ. ಅಂಗಣದ ಅಗಲ 50 ಅಡಿ, ಬುಟ್ಟಿ ನಟ್ಟ ನಡುವೆ ಇರುವುದರಿಂದ ಗೆರೆಯ ಹೊರಗೆ ಉಳಿಯುವುದು ಮೂರೇ ಅಡಿ. ಗೆರೆಯನ್ನು ಅಲ್ಲೂ ಪೂರ್ತಿ ದೂರಕ್ಕೆ ಎಳೆದರೆ ಒಂದೂಕಾಲು ಅಡಿ ಉಳಿದೀತು, ಕಾಲು ಸರಿಯಾಗಿ ಊರಲೂ ಆಗದು. ಹಾಗಾಗಿ ಮೂಲೆಗೆ ಈ ರಿಯಾಯಿತಿ. ಎಲ್ಲ ತಂಡಗಳೂ ಆ ಮೂಲೆಯಲ್ಲಿ ಒಬ್ಬನನ್ನು ಸುಮ್ನೆ ನಿಲ್ಲಿಸಿರುತ್ತವೆ. ಚೆಂಡು ಬಂದರೆ ಎಸೆಯುತ್ತಾನೆ, ಇಲ್ಲದಿದ್ದರೆ ಬಸ್ಸಿಗೆ ಕಾಯುವವರ ಹಾಗೆ ನಿಂತೇ ಇರುತ್ತಾನೆ. ನನ್ನನ್ನು ಕೇಳಿದರೆ ಮೂಲೆಯ ಮೂರಂಕವನ್ನೇ ತೆಗೆದುಬಿಡಬೇಕು. ಕಮಾನು ಎಲ್ಲಿ ಅಂಗಣದ ಅಂಚಿಗೆ ಮುಟ್ಟುತ್ತದೋ ಅಲ್ಲಿಗೆ ಮುಗಿಯಲಿ. ಅಂಗಣವನ್ನೇ ಅಗಲ ಮಾಡಬಹುದಲ್ಲ ಎನ್ನುವವರೂ ಇದ್ದಾರೆ. ಆದರೆ ಅಂಚಿನ ಕುರ್ಚಿಗಳ ಟಿಕೆಟ್ಟಿಗೆ ಸಾವಿರಾರು ಡಾಲರ್. ಆ ಕುರ್ಚಿಗಳನ್ನು ತೆಗೆಯಲು ಯಾವ ಮಾಲೀಕ ಒಪ್ಪುತ್ತಾನೆ?

ನಿಯಮ ಬದಲಾಯಿಸುವುದು ಅಪಚಾರವೇನಲ್ಲ. 1950ರ ನವೆಂಬರಿನಲ್ಲಿ ಫೋರ್ಟ್ ವೇಯ್ನ್ ತಂಡ ಮಿನಿಯಾಪೊಲಿಸ್ ಲೇಕರ್ಸನ್ನು ಸೋಲಿಸಿದ ಸ್ಕೋರು 19–18. ಇಡೀ ಪಂದ್ಯದ್ದು! ಎದುರಾಳಿಯ ಕೈಗೆ ಚೆಂಡು ಸಿಗದಂತೆ ಹಿಡಿದುಕೊಂಡು ಕಾಲ ಕಳೆದಿದ್ದರು. ಜನ ಬೇಸತ್ತರು. 1954ರಲ್ಲಿ 24 ಸೆಕೆಂಡಿನ ನಿಯಮ ಬಂತು, ಅಷ್ಟರೊಳಗೆ ಎಸೆಯಲೇಬೇಕು. ಆಟ ಬದುಕಿತು. ಪ್ರೊ ಕಬಡ್ಡಿ ನೋಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರೈಡಿಗೆ 30 ಸೆಕೆಂಡು, ಎರಡು ಖಾಲಿ ರೈಡಿನ ನಂತರ ಡೂ ಆರ್ ಡೈ. ಅದಕ್ಕೂ ಶುರುವಿನಲ್ಲಿ ಮೂಗು ಮುರಿದವರಿದ್ದರು.

ಇನ್ನು ಜನಪ್ರಿಯತೆ. 1998ರಲ್ಲಿ ಜೋರ್ಡಾನ್ ಶಿಕಾಗೊ ಪರ ಆಡಿದ ಕೊನೆಯ ಫೈನಲ್ಸನ್ನು ಅಮೆರಿಕದಲ್ಲಿ ಪಂದ್ಯಕ್ಕೆ ಸರಾಸರಿ 2 ಕೋಟಿ 90 ಲಕ್ಷ ಜನ ಟಿವಿಯಲ್ಲಿ ನೋಡಿದರು. 2025ರಲ್ಲಿ ಒಕ್ಲಹೋಮ ಸಿಟಿ ಮತ್ತು ಇಂಡಿಯಾನಾ ಏಳನೇ ಪಂದ್ಯದವರೆಗೆ ಹೋರಾಡಿದವು. ನೋಡಿದವರು ಒಂದು ಕೋಟಿ ಚಿಲ್ಲರೆ. ಮೂರಂಕದ ಮೇಲೆ ಇಷ್ಟನ್ನೂ ಹೊರಿಸುವುದು ನ್ಯಾಯವಲ್ಲ. ಎರಡೂ ಸಣ್ಣ ಊರಿನ ತಂಡಗಳು. ಅದಲ್ಲದೆ ಈಗ ಯಾರು ಟಿವಿ ಮುಂದೆ ಎರಡೂವರೆ ಗಂಟೆ ಕೂರುತ್ತಾರೆ? ಎರಡು ನಿಮಿಷದ ತುಣುಕು ಫೋನಿನಲ್ಲಿ ನೋಡಿ ಮುಗಿಸುತ್ತಾರೆ. ಹಣಕ್ಕೇನೂ ಬರವಿಲ್ಲ. ಪ್ರಸಾರದ ಹಕ್ಕಿಗೆ 11 ವರ್ಷಕ್ಕೆ 7,600 ಕೋಟಿ ಡಾಲರಿನ ಒಪ್ಪಂದವಾಗಿದೆ.

ನಮ್ಮ ಹುಡುಗರು ನೋಡುವುದೂ ಆ ತುಣುಕುಗಳನ್ನೇ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಚಳಿಗಾಲದ ಸಂಜೆ ಏಳು ಗಂಟೆಯೆಂದರೆ ಇಲ್ಲಿ ಮರುದಿನ ಬೆಳಗಿನ ಐದೂವರೆ. ರಬ್ಬರ್ ಟ್ಯಾಪಿಂಗ್‌ನವರು ಎದ್ದಿರುವ ಹೊತ್ತು. ಹುಡುಗರು ಏಳುವುದಿಲ್ಲ. ಫೈನಲ್ಸ್ ಜೂನಿನಲ್ಲಿ, ಆಗ ಇಲ್ಲಿ ಮಳೆ. ಕರೆಂಟು ಇದ್ದರೆ ನೆಟ್‌ವರ್ಕ್ ಇಲ್ಲ.

ತುಣುಕು ನೋಡಿ ಕಲಿತದ್ದರ ಫಲ ಶಾಲೆಯ ಅಂಗಳದಲ್ಲಿ ಗೊತ್ತಾಗುತ್ತದೆ. ತುಕ್ಕು ಹಿಡಿದ ರಿಂಗು, ನೆಟ್ ಯಾವಾಗಲೋ ಹರಿದುಹೋಗಿದೆ. ಎಂಟನೇ ಕ್ಲಾಸಿನ ಹುಡುಗ ಸೀದಾ ಮೂರಂಕದ ಗೆರೆಗೆ ಹೋಗಿ ನಿಲ್ಲುತ್ತಾನೆ. ರಿಂಗು ಹತ್ತಡಿ ಎತ್ತರದಲ್ಲಿ, ತೋಳಿನಲ್ಲಿ ಅಷ್ಟು ಬಲವಿಲ್ಲ. ಎರಡೂ ಕೈಯಲ್ಲಿ ಸೊಂಟದಿಂದ ಚೆಂಡನ್ನು ಎತ್ತಿ ಬಿಸಾಡುತ್ತಾನೆ. ಅದು ರಿಂಗಿಗೆ ತಾಗಿ ಪಕ್ಕದ ಅಡಕೆ ತೋಟಕ್ಕೆ ಹೋಗುತ್ತದೆ. ಮಗಾ, ಮೊದಲು ಬುಟ್ಟಿಯ ಬುಡದಲ್ಲಿ ನಿಂತು ಎಸೆ, ಮೊಣಕೈ ಚೆಂಡಿನ ಅಡಿಗೆ ಬರಲಿ, ಮೊಣಕಾಲು ಬಗ್ಗಲಿ, ಕೈ ಕೂತ ಮೇಲೆ ಒಂದೊಂದೇ ಹೆಜ್ಜೆ ಹಿಂದೆ ಹೋಗು ಎಂದರೆ, ಕರಿ ಹಾಗೆ ಮಾಡುವುದಿಲ್ಲವಲ್ಲ ಸರ್ ಅನ್ನುತ್ತಾನೆ. ಕರಿ ಪ್ರತಿ ಪಂದ್ಯಕ್ಕೆ ಮೊದಲು ಬುಟ್ಟಿಯ ಹತ್ತಿರದಿಂದಲೇ ಅಭ್ಯಾಸ ಶುರು ಮಾಡುತ್ತಾನೆ. ಅದು ತುಣುಕಿನಲ್ಲಿ ಬರುವುದಿಲ್ಲ.

ನಮ್ಮವರು ಯಾರೂ ಅಲ್ಲಿಗೆ ತಲುಪಲಿಲ್ಲವೇ? ಪಂಜಾಬಿನ ಸತ್ನಾಮ್ ಸಿಂಗ್‌ನನ್ನು 2015ರಲ್ಲಿ ಡಲ್ಲಾಸ್ ತಂಡ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ವಾರ್ಷಿಕ ಆಯ್ಕೆಯಲ್ಲಿ, ಆರಿಸಿತು, ಆದರೆ ಎನ್‌ಬಿಎ ಪಂದ್ಯ ಆಡಲು ಅವನಿಗೆ ಸಿಗಲಿಲ್ಲ. 2019ರಲ್ಲಿ ಸ್ಯಾಕ್ರಮೆಂಟೊ ಮತ್ತು ಇಂಡಿಯಾನಾ ಮುಂಬೈಗೇ ಬಂದು ಎರಡು ಪಂದ್ಯ ಆಡಿ ಹೋದವು. ನಮ್ಮ ಕೇರಳದ ಗೀತು ಅನ್ನ ಜೋಸ್ 2011ರಲ್ಲಿ ಅಮೆರಿಕದ ಮಹಿಳಾ ಲೀಗಿನ ಆಯ್ಕೆ ಪರೀಕ್ಷೆಯವರೆಗೆ ಹೋಗಿದ್ದರು. ಕೊಟ್ಟಾಯಂ ಕಡೆ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲಿಗೆ ಒಳ್ಳೆಯ ಬೇರಿದೆ. ಆ ಬೇರು ಇಷ್ಟು ಉತ್ತರಕ್ಕೆ ಹಬ್ಬಲಿಲ್ಲ.

ಎಲ್ಲ ತಂಡವೂ ಒಂದೇ ಥರ ಆಡುತ್ತದೆ ಎಂದು ಬೇಸರವಾದವರು ಡೆನ್ವರ್ ತಂಡದ ನಿಕೊಲಾ ಯೊಕಿಚ್‌ನನ್ನು ನೋಡಿ. ಸರ್ಬಿಯಾದವನು. ಆರಡಿ ಹನ್ನೊಂದು ಇಂಚು ಎತ್ತರ, ನಡೆ ನಿಧಾನ, ಹಾರುವುದಂತೂ ಇಲ್ಲವೇ ಇಲ್ಲ. 2014ರ ಡ್ರಾಫ್ಟಿನಲ್ಲಿ ಅವನನ್ನು 41ನೆಯವನಾಗಿ ಆರಿಸಿದಾಗ ಅಮೆರಿಕದ ಟಿವಿಯಲ್ಲಿ ತಿಂಡಿಯ ಜಾಹೀರಾತು ಓಡುತ್ತಿತ್ತು. ಆಮೇಲೆ ಮೂರು ಸಲ ವರ್ಷದ ಶ್ರೇಷ್ಠ ಆಟಗಾರನಾದ, 2023ರಲ್ಲಿ ತಂಡಕ್ಕೆ ಕಪ್ಪನ್ನೂ ಗೆದ್ದುಕೊಟ್ಟ. ಆ ಪಡಿಲು ಬಿದ್ದ ನಡುವಿನ ಜಾಗದಲ್ಲಿ ಚೆಂಡು ಹಿಡಿದು ನಿಲ್ಲುತ್ತಾನೆ. ಬುಟ್ಟಿಯ ಕಡೆ ಓಡುವವನಿಗೆ ನೋಡದೆಯೇ ತಲೆಯ ಮೇಲಿಂದ ಪಾಸ್ ಕೊಡುತ್ತಾನೆ. ತಡೆಯಲು ಯಾರೂ ಬಾರದಿದ್ದರೆ ತಾನೇ ಮೆಲ್ಲಗೆ ಎಸೆಯುತ್ತಾನೆ.

ಅಕ್ಟೋಬರಿನಲ್ಲಿ ಸೀಸನ್ ಶುರುವಾಗುತ್ತದೆ. ಡೆನ್ವರ್ ತನ್ನ ಊರಿನಲ್ಲಿ ಆಡುವ ಪಂದ್ಯಗಳು ನಮಗೆ ಸಾಮಾನ್ಯವಾಗಿ ಬೆಳಗ್ಗೆ ಏಳರ ಆಸುಪಾಸಿಗೆ ಬೀಳುತ್ತವೆ, ಅಷ್ಟು ಹೊತ್ತಿಗೆ ಹುಡುಗರೂ ಎದ್ದಿರುತ್ತಾರೆ. ಒಂದು ಪಂದ್ಯವಾದರೂ ಪೂರ್ತಿ ನೋಡಿ. ನಮಸ್ಕಾರ.