ಸಾವು ಒಂದೇ, ಸೆಕ್ಷನ್ ಯಾಕೆ ಬೇರೆ ಬೇರೆ?

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಿಂತು ಕೊಲೆ ಕೇಸಿನ ಕಾನೂನು ಹೇಳಬೇಕು ಅಂದರೆ ನಾಲೆ ನೀರಿನಿಂದಲೇ ಶುರು ಮಾಡುವುದು ವಾಸಿ.

ಹೀಗೊಂದು ಸಂದರ್ಭ ಊಹಿಸಿಕೊಳ್ಳಿ. ವಿ.ಸಿ. ನಾಲೆಯಲ್ಲಿ, ಅಂದರೆ ವಿಶ್ವೇಶ್ವರಯ್ಯ ನಾಲೆಯಲ್ಲಿ, ಕಟ್ಟುಪದ್ಧತಿ ಮೇಲೆ ನೀರು ಬಿಟ್ಟಿದ್ದಾರೆ. ನಡುರಾತ್ರಿ. ಒಬ್ಬ ಕಬ್ಬಿನ ಗದ್ದೆಗೆ ನೀರು ಹಾಯಿಸುತ್ತಾ ಸಲಿಕೆ ಹಿಡಿದು ನಿಂತಿದ್ದಾನೆ. ದಾಯಾದಿ ಬಂದವನೇ, 'ಇವತ್ತು ನನ್ನ ಪಾಳಿ ಕಣೋ' ಅಂತ ಬದು ಒಡೆದು ನೀರನ್ನು ತನ್ನ ಕಡೆ ತಿರುಗಿಸುತ್ತಾನೆ. ಮಾತಿಗೆ ಮಾತು ಬೆಳೆಯುತ್ತದೆ. ಬೆಳಗಾಗುವ ಹೊತ್ತಿಗೆ ಒಂದು ಹೆಣ ಬಿದ್ದಿದೆ.

ಊರಿನವರು 'ತ್ರೀ ನಾಟ್ ಟೂ ಬಿತ್ತು' ಅಂತಾರೆ. ಆ ನಂಬರ್ ಈಗ ಬದಲಾಗಿದೆ. 2024ರ ಜುಲೈ 1ರಿಂದ ಹಳೆಯ ಐಪಿಸಿ (ಭಾರತೀಯ ದಂಡ ಸಂಹಿತೆ) ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದು, ಕೊಲೆಯ ಶಿಕ್ಷೆ 103ನೇ ಸೆಕ್ಷನ್‌ಗೆ ಹೋಯಿತು. ಅದಕ್ಕೂ ಮೊದಲು ನಡೆದ ಕೊಲೆಗಳಿಗೆ ಹಳೆಯ 302 ಈಗಲೂ ಅನ್ವಯಿಸುತ್ತದೆ. ನಂಬರ್ ಬಿಡಿ. ಸತ್ತವನು ಹೇಗೂ ಸತ್ತ, ಹೊಡೆದವನ ತಲೆಯಲ್ಲಿ ಆಗ ಏನಿತ್ತು? ಕೋರ್ಟ್ ಕೆದಕುವುದು ಅದನ್ನು.

ಬರೀ ಎದೆಗೆ ಕೈ ಕೊಟ್ಟು ತಳ್ಳಿದ, ಅವನು ಬಿದ್ದು ತಲೆ ತೂಬಿನ ಕಲ್ಲಿಗೆ ಬಡಿಯಿತು ಅಂದುಕೊಳ್ಳಿ. ಇದನ್ನು ಕೊಲೆ ಅನ್ನುವುದು ಕಷ್ಟ. ಕೆಲವೊಮ್ಮೆ ಪೆಟ್ಟು ಮಾಡಿದ ಕೇಸಾಗಿಯೇ ಉಳಿಯಬಹುದು.

ಕೈಯಲ್ಲಿದ್ದ ಸಲಿಕೆಯನ್ನೇ ಬೀಸಿದರೆ? ವಾದ ನಡೆಯುವುದೆಲ್ಲ ಇಲ್ಲೇ. ಕಾವಿನಿಂದ ಹೊಡೆದನಾ, ಅಲಗಿನಿಂದ ಹೊಡೆದನಾ? ಕಾಲಿಗಾ, ತಲೆಗಾ? ಒಂದೇ ಏಟಾ, ಬಿದ್ದ ಮೇಲೂ ಹೊಡೆದನಾ? ಎದುರಿಗಿದ್ದವನ ಕೈಯಲ್ಲಿ ಏನಾದರೂ ಇತ್ತಾ? ಮನಸ್ಸನ್ನು ಯಾರೂ ಬಗೆದು ನೋಡೋಕಾಗಲ್ಲ ಅಲ್ವಾ, ಅದಕ್ಕೇ ಇಷ್ಟೆಲ್ಲ ಕೇಳುವುದು. ಮೊದಲೇ ಸಂಚು ಇಲ್ಲದೆ, ದಿಢೀರ್ ಹೊಡೆದಾಟದ ಆವೇಶದಲ್ಲಿ ಆದದ್ದು, ಕ್ರೂರವಾಗಿ ನಡೆದುಕೊಂಡಿಲ್ಲ, ಎದುರಿನವನ ನಿಸ್ಸಹಾಯಕತೆಯ ಲಾಭ ಪಡೆದಿಲ್ಲ ಅಂತಾದರೆ, ಅದು ಕೊಲೆಯಲ್ಲದ ನರಹತ್ಯೆ. ಜಗಳ ಯಾರು ತೆಗೆದರು ಅನ್ನುವುದು ಅಲ್ಲಿ ಲೆಕ್ಕಕ್ಕೇ ಬರಲ್ಲ. ನಮ್ಮ ಕಡೆ ಪಂಚಾಯ್ತಿ ಕಟ್ಟೆಯಲ್ಲಿ ಮೊದಲು ಕೇಳುವುದೇ ಅದನ್ನು!

'ಸಾಯಿಸೋ ಉದ್ದೇಶ ಇರಲಿಲ್ಲ ಸ್ವಾಮಿ' ಅಂದರೆ ಸಾಕಾ? ಸಾಲದು. 1958ರ ವಿರ್ಸಾ ಸಿಂಗ್ ಪ್ರಕರಣದಲ್ಲಿ ಈಟಿಯ ತಿವಿತ ಒಂದೇ. ಅದು ಹೊಟ್ಟೆಗೆ ಬಿದ್ದು ಕರುಳು ಹೊರಗೆ ಬಂದಿತ್ತು. ಆ ಗಾಯವನ್ನು ಬೇಕೆಂದೇ ಮಾಡಿದ್ದು ಸಾಬೀತಾಗಿ, ಸಹಜವಾಗಿ ಸಾವು ತರಲು ಆ ಗಾಯವೇ ಸಾಕಾಗಿದ್ದರೆ ಅದು ಕೊಲೆ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೇ ಪೋಸ್ಟ್ ಮಾರ್ಟಂ ಮಾಡಿದ ಡಾಕ್ಟರ ಹೇಳಿಕೆಗೆ ಅಷ್ಟು ತೂಕ.

ಈಗ ಅದೇ ಮನುಷ್ಯ ಜಗಳ ಬಿಟ್ಟು ಮನೆಗೆ ಹೋಗಿ, ಮಚ್ಚು ತಂದು ದಾರಿ ಕಾಯ್ದ ಅಂದುಕೊಳ್ಳಿ. ಆವೇಶದ ಮಾತು ಅಲ್ಲಿಗೆ ಮುಗಿಯಿತು. ನೌಕಾದಳದ ಅಧಿಕಾರಿ ನಾನಾವತಿ ಹೆಂಡತಿಯ ಸಂಬಂಧ ತಿಳಿದ ಮೇಲೆ ಹಡಗಿಗೆ ಹೋಗಿ ರಿವಾಲ್ವರ್ ತಂದು, ಅವಳ ಪ್ರಿಯಕರನನ್ನು ಗುಂಡಿಟ್ಟು ಕೊಂದಿದ್ದ. ನಡುವೆ ಸುಮಾರು 3 ತಾಸು ಕಳೆದಿತ್ತು. ಸಿಟ್ಟು ಇಳಿಯಲು ಅಷ್ಟು ಹೊತ್ತು ಸಾಕು ಅಂತ 1961ರಲ್ಲಿ ಸುಪ್ರೀಂ ಕೋರ್ಟ್ ಕೊಲೆ ಶಿಕ್ಷೆಯನ್ನೇ ಖಾಯಂ ಮಾಡಿತು.

ಯಾಕೆ ಇಷ್ಟು ಎಳೆದಾಟ? ಕೊಲೆ ಅಂತಾದರೆ ನ್ಯಾಯಾಧೀಶರ ಮುಂದೆ ಎರಡೇ ದಾರಿ: ಜೀವಾವಧಿ ಇಲ್ಲವೇ ಗಲ್ಲು. ಕೊಲೆಯಲ್ಲದ ನರಹತ್ಯೆಯ ಸೆಕ್ಷನ್ 105ಕ್ಕೆ ಇಳಿದರೆ, ಉದ್ದೇಶ ಇದ್ದವನಿಗೆ ಜೀವಾವಧಿ ಅಥವಾ 5ರಿಂದ 10 ವರ್ಷ. ಸಾವಾಗಬಹುದು ಅಂತ ಗೊತ್ತಿತ್ತು, ಉದ್ದೇಶ ಇರಲಿಲ್ಲ ಅಂದರೆ 10 ವರ್ಷದವರೆಗೆ. ಒಂದು ಸಂಸಾರದ ಮಟ್ಟಿಗೆ ಇದು ಭಾರಿ ಅಂತರ.

ಬೈಕ್, ಲಾರಿ ಅಜಾಗರೂಕತೆಯ ಸಾವು 106ಕ್ಕೆ ಬರುತ್ತದೆ. ಮೊದಲು ಗರಿಷ್ಠ 2 ವರ್ಷ ಇತ್ತು, ಈಗ 5. ಏಟು ತಿಂದವನು ಬದುಕಿಕೊಂಡರೆ ಪೊಲೀಸರ ಬಾಯಲ್ಲಿ ಅದು 'ಹಾಫ್ ಮರ್ಡರ್', ಅಂದರೆ ಕೊಲೆ ಯತ್ನ, ಸೆಕ್ಷನ್ 109. ಅವನು ಆಸ್ಪತ್ರೆಯಲ್ಲಿ ತೀರಿಕೊಂಡರೆ ಅದೇ ಕೇಸಿಗೆ 103 ಸೇರುತ್ತದೆ.

ಇನ್ನೊಂದು ಮಾತು. ಎಫ್‌ಐಆರ್‌ನಲ್ಲಿ ಬರೆದ ಸೆಕ್ಷನ್ನೇ ತೀರ್ಪು ಅಂತ ಎರಡೂ ಕಡೆಯವರು ನಂಬಿಬಿಡುತ್ತಾರೆ. ಪೊಲೀಸರು ಹಾಕುವುದು ಆರೋಪ ಅಷ್ಟೇ. ಚಾರ್ಜ್‌ಶೀಟ್ ಬಂದ ಮೇಲೆ ಯಾವ ಆರೋಪ ಹೊರಿಸಬೇಕು ಅಂತ ಸೆಷನ್ಸ್ ಕೋರ್ಟ್ ನೋಡುತ್ತದೆ. ತೀರ್ಪಿಗೆ ಮುಂಚೆ ಅದನ್ನು ಬದಲಿಸಲೂಬಹುದು. ಕೊಲೆ ಆರೋಪದ ಮೇಲೆ ವಿಚಾರಣೆ ನಡೆದು ಕೊನೆಗೆ 105ರಡಿ ಶಿಕ್ಷೆ ಆಗುವುದೂ ಉಂಟು. ಹಾಗಾಗಿ ಸತ್ತವರ ಮನೆಯವರೇ ಇರಲಿ, ಆರೋಪಿಯ ಮನೆಯವರೇ ಇರಲಿ, ಸ್ಟೇಷನ್ ಬಾಗಿಲಲ್ಲಿ ಸೆಕ್ಷನ್‌ಗಾಗಿ ಕಿತ್ತಾಡುವ ಬದಲು, ಕಣ್ಣಾರೆ ಕಂಡವರ ಹೇಳಿಕೆ ಸರಿಯಾಗಿ ದಾಖಲಾಯಿತಾ, ಮಹಜರಿನಲ್ಲಿ ಸಲಿಕೆ ಸಿಕ್ಕ ಜಾಗ ಬರೆದಿದ್ದಾರಾ ಅಂತ ನೋಡಿಕೊಳ್ಳಿ. ಈಗ ನಿಮ್ಮ ಪ್ರಶ್ನೆ ಕೇಳಿ.